ಬಿಳಿ ಎರಡರ ಶ್ರುತಿಯಲ್ಲಿ ನಾಲ್ಕು ದಿನ

ಅಳಿಯ ಫೋನ್ ಮಾಡಿ, "ಮಾವ, ನಮ್ಮ ಬ್ಯಾಂಡಿಂದು ಡಿಸೆಂಬರ್ ಕೊನೆಗೆ ಮೂರು ಪ್ರೋಗ್ರಾಂ ಇದೆ, ಬನ್ನಿ" ಅಂದ. ಮದುವೆ ಮೆರವಣಿಗೆಯ ಬ್ಯಾಂಡ್ ಇರಬೇಕು ಅಂದುಕೊಂಡೆ. "ಅಲ್ಲ ಮಾವ, ಐರಿಶ್ ಫೋಕ್. ಸ್ವಲ್ಪ ಪಂಕ್." ಫೋನ್ ನಿಮ್ಮಮ್ಮನಿಗೆ ಕೊಡು ಅಂದೆ.

ಅಕ್ಕ ಹೇಳಿದ್ದು ಇಷ್ಟೇ: "ಅದೆಂತದೋ ಪೀಪಿ ಊದ್ತಾ ಇರ್ತ. ಇಲ್ಲಿ ಅಡಿಕೆ ಕೊನೆ ಕೊಯ್ಲು ಶುರುವಾಯ್ದು. ನೀ ಬಂದ್ರೆ ಭಾವಂಗೆ ಮಾತಾಡಕ್ಕೆ ಒಬ್ಬ ಆಗ್ತೆ."

ಅಳಿಯನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಮಾಣಿ ಅಂತ. ಮೂವತ್ತು ದಾಟಿದರೂ ಮಾಣಿಯೇ. ಸಾಫ್ಟ್‌ವೇರ್ ಕೆಲಸದ ಮೇಲೆ ಎರಡು ವರ್ಷ ಡಬ್ಲಿನ್‌ನಲ್ಲಿದ್ದ. ಬೇರೆಯವರು ಚಾಕಲೇಟ್ ತಂದರೆ ಇವನು ಟಿನ್ ವಿಸಲ್ ತಂದ. ಈಗ ಸಾಗರದ ಹತ್ತಿರ ಊರಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡುತ್ತಾನೆ, ಕರೆಂಟ್ ಇದ್ದಾಗ.

ಮೊದಲ ದಿನ: ಶಿವಮೊಗ್ಗ

ತಾಳಗುಪ್ಪ ರೈಲು ಶಿವಮೊಗ್ಗ ಮುಟ್ಟಿದಾಗ ಇನ್ನೂ ಕತ್ತಲು. ಡಿಸೆಂಬರ್ 24ರ ಚಳಿ. ಮಾಣಿ ಮಫ್ಲರ್ ಸುತ್ತಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ. ಹೊರಗೆ ಕಾಫಿ ಕುಡಿಯುವಾಗಲೇ ಜೇಬಿನಿಂದ ವಿಸಲ್ ತೆಗೆದ. ಒಂದು ಅಡಿ ಉದ್ದದ ಲೋಹದ ಕೊಳವೆ. ಆರು ತೂತು. ತುದಿಗೆ ಹಸಿರು ಪ್ಲಾಸ್ಟಿಕ್ ಮೂತಿ. ಮಾರಿಜಾತ್ರೆಯ ಪೀಪಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವನೇ ಹೇಳಿದ: "ಇದು ಬಡವರ ವಾದ್ಯ ಮಾವ. 1843ರಲ್ಲಿ ಇಂಗ್ಲೆಂಡಿನ ಹಳ್ಳಿಯವನೊಬ್ಬ, ರಾಬರ್ಟ್ ಕ್ಲಾರ್ಕ್ ಅಂತ, ತಗಡು ಸುರುಳಿ ಸುತ್ತಿ ಮಾಡಿ ಮಾರೋಕೆ ಶುರು ಮಾಡಿದ. ಐರ್ಲೆಂಡಿನಲ್ಲಿ ಮನೆಮನೆಗೂ ಹೋಯ್ತು."

ಪ್ರಾಕ್ಟೀಸ್ ಜಾಗ ದುರ್ಗಿಗುಡಿ ಕಡೆಯ ಒಂದು ಮೊಬೈಲ್ ರಿಪೇರಿ ಅಂಗಡಿಯ ಮಹಡಿ. ಅಂಗಡಿ ಗಿಟಾರ್ ಹುಡುಗನದು. ಸದ್ದು ಹೊರಗೆ ಹೋಗದ ಹಾಗೆ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದಾನೆ. ಹಾರ್ಮೋನಿಯಂ ಭಟ್ರು ಮೊದಲ ದಿನ ಅದನ್ನು ನೋಡಿ ಮೆಟ್ಟಿಲ ಮೇಲೇ ನಿಂತುಬಿಟ್ಟಿದ್ದರಂತೆ. ಮೊಟ್ಟೆ ಇಲ್ಲ, ಬರೀ ಟ್ರೇ ಅಂತ ಒಪ್ಪಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಭಟ್ರದ್ದು ಅರವತ್ತರ ಹತ್ತಿರದ ವಯಸ್ಸು. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ. ಈ ಸಂಗೀತಕ್ಕೆ ನಿಜವಾಗಿ ಬೇಕಿರುವುದು ಅಕಾರ್ಡಿಯನ್. ಅದನ್ನು ತರಿಸುವ ದುಡ್ಡು ಯಾರ ಹತ್ತಿರ ಇದೆ? ಎರಡರಲ್ಲೂ ಗಾಳಿ ತಾಗಿ ನಡುಗುವುದು ಲೋಹದ ಪಟ್ಟಿಯೇ ತಾನೆ ಅಂತ ಭಟ್ರನ್ನು ಕರೆದರು. ವಿಸಲ್ ಡಿ ಶ್ರುತಿಯದ್ದು ಅಂದಾಗ ಭಟ್ರು, "ಬಿಳಿ ಎರಡು ಅನ್ನಿ ಮತ್ತೆ" ಅಂದು ಕೂತೇ ಬಿಟ್ಟರು. ಹಾರ್ಮೋನಿಯಂನ ಎರಡನೇ ಬಿಳಿ ಮನೆ ಅದು. ಅಲ್ಲಿಂದ ಬ್ಯಾಂಡಿನಲ್ಲಿ ಎಲ್ಲರೂ ಬಿಳಿ ಎರಡು ಅಂತಲೇ ಹೇಳುವುದು.

ಪಿಟೀಲು ಹುಡುಗಿ ಕಾಲೇಜಿನವಳು. ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವಳು. ಪಿಟೀಲು ಎರಡು ತರುತ್ತಾಳೆ. ಒಂದು ಸ-ಪ-ಸ-ಪ ಶ್ರುತಿಯದ್ದು, ಪಾಠಕ್ಕೆ. ಇನ್ನೊಂದು ಪಾಶ್ಚಾತ್ಯರ ಜಿ-ಡಿ-ಎ-ಇ, ಇದಕ್ಕೆ. ಒಂದರಲ್ಲಿ ಪೆಗ್ ತಿರುಗಿಸುತ್ತ ಕೂತರೆ ತಂತಿ ಹರಿದು ಅಪ್ಪನ ಹತ್ತಿರ ಬೈಸಿಕೊಳ್ಳಬೇಕು. ಐರಿಶ್ ಧಾಟಿಗಳ ಹೆಸರು ಅವಳಿಗೆ ಬೇಕಿಲ್ಲ. "ಇದು ಶಂಕರಾಭರಣ, ಇದು ಹರಿಕಾಂಭೋಜಿ, ಇವತ್ತು ಮಾಡೋದು ಖರಹರಪ್ರಿಯ" ಅಂತ ಬರೆದಿಟ್ಟುಕೊಂಡಿದ್ದಾಳೆ. ಸ್ವರಸ್ಥಾನದ ಲೆಕ್ಕಕ್ಕೆ ಅದು ಸರಿಯೇ. ಕೈ ಮಾತ್ರ ಮಾತು ಕೇಳುವುದಿಲ್ಲ. ನೆಟ್ಟಗೆ ಹೋಗಬೇಕಾದ ಕಡೆ ಗಮಕ ನುಸುಳುತ್ತದೆ. ನನಗೆ ಅದೇ ಚೆನ್ನಾಗಿ ಕೇಳಿಸಿತು.

ಅವಳ ಗುರುಗಳು ಮೊದಲು ಮುಖ ಗಂಟಿಕ್ಕಿದರಂತೆ. ಆಗ ಅವಳು ನೊಟ್ಟುಸ್ವರ ನೆನಪಿಸಿದಳು. ಇನ್ನೂರು ವರ್ಷದ ಹಿಂದೆಯೇ ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಕಡೆ ಕಂಪನಿ ಬ್ಯಾಂಡಿನವರ ಧಾಟಿ ಕೇಳಿ, ಅದಕ್ಕೆ ಸಂಸ್ಕೃತದಲ್ಲಿ ಸಾಹಿತ್ಯ ಕೂರಿಸಿದ್ದರಲ್ಲ. ಬ್ರಿಟಿಷರ ರಾಜಗೀತೆಯ ಧಾಟಿಯನ್ನೂ ಬಿಟ್ಟಿರಲಿಲ್ಲ. ಗುರುಗಳು ಸುಮ್ಮನಾದರು. ಒಪ್ಪಿದರು ಅಂತೇನಲ್ಲ, ಸುಮ್ಮನಾದರು.

ಇನ್ನು ಬ್ಯಾಂಜೋ ಕತೆ. ಆ ದೇಶದವರು ನುಡಿಸುವುದು ನಾಲ್ಕು ತಂತಿಯ ಬ್ಯಾಂಜೋ. ಡಬ್ಲಿನರ್ಸ್ ಬ್ಯಾಂಡಿನ ಬಾರ್ನಿ ಮೆಕೆನ್ನಾ ಅದನ್ನು ಪಿಟೀಲಿಗಿಂತ ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡಿ ನುಡಿಸಿದ ಮೇಲೆ ಉಳಿದವರೂ ಅದನ್ನೇ ಹಿಡಿದರು. ನಮ್ಮವರು ಅಂಗಡಿಗೆ ಹೋಗಿ "ಬ್ಯಾಂಜೋ ತರಿಸಿ ಕೊಡಿ" ಅಂತ ಮುಂಗಡ ಕೊಟ್ಟರು. ಹದಿನೈದು ದಿನಕ್ಕೆ ಬಂದದ್ದು ಬುಲ್‌ಬುಲ್ ತರಂಗ್. ಅಂಗಡಿಯವನ ತಪ್ಪಲ್ಲ. ನಮ್ಮ ಕಡೆ ಬ್ಯಾಂಜೋ ಅಂದರೆ ಅದೇ. ಮರದ ಪೆಟ್ಟಿಗೆ ಮೇಲೆ ತಂತಿ, ತಂತಿ ಮೇಲೆ ಟೈಪ್‌ರೈಟರ್ ಥರದ ಗುಂಡಿಗಳು. ಎಡಗೈಯಲ್ಲಿ ಗುಂಡಿ ಒತ್ತಬೇಕು, ಬಲಗೈಯಲ್ಲಿ ಮೀಟಬೇಕು. ವಾಪಸ್ ಕೊಡಲು ಹೊರಟವರು ಒಂದು ಸಲ ನುಡಿಸಿ ನೋಡಿದರು. ಟಣಟಣ ಅಂತ ಅದೇ ಒಣ ಸದ್ದು! ಇಟ್ಟುಕೊಂಡರು. ಅದನ್ನು ನುಡಿಸುವವರು ಗಿಟಾರ್ ಹುಡುಗನ ಅಕ್ಕ. ಹಗಲಲ್ಲಿ ಬ್ಯಾಂಕಿನ ಕ್ಯಾಷಿಯರ್. ನೋಟು ಎಣಿಸಿ ಪಳಗಿದ ಬೆರಳು, ವೇಗಕ್ಕೆ ತೊಂದರೆಯೇ ಇಲ್ಲ.

ತಮಟೆಗೆ ಆಯನೂರು ಕಡೆಯ ಹುಡುಗ, ಡೊಳ್ಳು ತಂಡದಲ್ಲೂ ಇದ್ದಾನೆ. ಐರಿಶ್‌ನವರದ್ದು ಬೋರಾನ್ ಅಂತ ಮೇಕೆ ಚರ್ಮದ ಬಳೆವಾದ್ಯ. ಒಂದೇ ಗಿಡ್ಡ ಕೋಲು. ಇನ್ನೊಂದು ಕೈ ಚರ್ಮದ ಹಿಂದೆ ಒತ್ತಿ ನಾದ ಏರಿಸಿ ಇಳಿಸುತ್ತದೆ. ಅದರ ವಿಡಿಯೋ ತೋರಿಸಿದರೆ ಇವನು, "ಇಷ್ಟೇನಾ?" ಅಂದನಂತೆ. ಅವರ ಕುಣಿತದ ಧಾಟಿಗಳಲ್ಲಿ ಜಿಗ್ ಅಂದರೆ ತಕಿಟ ತಕಿಟ. ರೀಲ್ ಅಂದರೆ ತಕಧಿಮಿ. ಒಂಬತ್ತರ ಲೆಕ್ಕದ ಸ್ಲಿಪ್ ಜಿಗ್ ಒಂದಕ್ಕೆ ಮಾತ್ರ ತಲೆ ಕೆರೆದುಕೊಂಡ.

ಬ್ಯಾಂಡಿಗೆ ಹೆಸರೇ ಇಲ್ಲ. ಆರು ಜನ, ಏಳು ಅಭಿಪ್ರಾಯ. ಈ ಜಾತಿಯ ಸಂಗೀತವನ್ನು ಹುಟ್ಟುಹಾಕಿದ್ದು 1982ರಲ್ಲಿ ಲಂಡನ್ನಿನಲ್ಲಿ ಶುರುವಾದ ಪೋಗ್ಸ್ ಅಂತ ಮಾಣಿ ವಿವರಿಸುತ್ತಿದ್ದ. ಹಳೇ ಜನಪದ ಹಾಡು, ಪಂಕ್ ಅನ್ನುವ ಒರಟು ರಾಕ್‌ನ ವೇಗ, ಕುಡಿದವನ ಗಂಟಲು. ಭಟ್ರು, "ಪೋಗ್ಸ್ ಅಂದ್ರೇನರ್ಥ?" ಅಂತ ಕೇಳಿದರು. ಮಾಣಿ, "ಮುತ್ತು ಅಂತ ಭಟ್ರೇ" ಅಂದ. ಅರ್ಧ ಸತ್ಯ. ಮೊದಲಿನ ಪೂರ್ತಿ ಹೆಸರು ಪೋಗ್ ಮಹೋನ್. ಆ ಮುತ್ತನ್ನು ಎಲ್ಲಿಗೆ ಕೊಡು ಅಂತ ಅದು ಹೇಳುತ್ತದೆ ಅನ್ನುವುದನ್ನು ಭಟ್ರಿಗೆ ಯಾರೂ ಹೇಳಿಲ್ಲ. ನಾನೂ ಹೇಳಲಿಲ್ಲ.

ಸಂಜೆ ಊರಾಚೆಯ ಒಂದು ಕೆಫೆಯಲ್ಲಿ ಪ್ರೋಗ್ರಾಂ. ದಾರಿಯಲ್ಲಿ ಸೇಕ್ರೆಡ್ ಹಾರ್ಟ್ ಚರ್ಚಿನ ಮುಂದೆ ನಕ್ಷತ್ರದ ದೀಪ, ಬೊಂಬಾಯಿ ಮಿಠಾಯಿ, ಮಕ್ಕಳ ಗಲಾಟೆ. ಕೆಫೆಯೊಳಗೆ ಇಪ್ಪತ್ತು ಜನ. ಅದರಲ್ಲಿ ಆರು ಜನ ಹುಟ್ಟುಹಬ್ಬಕ್ಕೆ ಬಂದವರು. ಮೈಕ್ ಗುಂಯ್ ಅನ್ನುತ್ತಿತ್ತು. ಎರಡನೇ ಹಾಡಿಗೇ ಚೀಟಿ ಬಂತು: ಒಂದು ಡ್ಯಾನ್ಸ್ ಸಾಂಗ್ ಹಾಡಿ.

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ, ಅವತ್ತು ಚೆನ್ನಾಗಿರಲಿಲ್ಲ. ಎಲ್ಲ ಜಾಸ್ತಿ ವೇಗ, ಜಾಸ್ತಿ ಸದ್ದು. ಪಿಟೀಲು ಕೇಳಿಸಲೇ ಇಲ್ಲ. ಮಾಣಿ ಇಂಗ್ಲಿಷ್ ಹಾಡುಗಳನ್ನು ಮೂಗಿನಲ್ಲಿ ಎಳೆದು ಐರಿಶ್ ಉಚ್ಚಾರ ಮಾಡುತ್ತಿದ್ದ. ನಮ್ಮ ಮಾಣಿಯ ಬಾಯಲ್ಲಿ ಅದು ಬಾಡಿಗೆ ಕೋಟಿನ ಹಾಗೆ ಕಾಣುತ್ತಿತ್ತು. ಗಿಟಾರ್ ಹುಡುಗ ಕೊನೆಗೆ ಕೆಫೆಯ ಟ್ರೇ ತೆಗೆದುಕೊಂಡು ತನ್ನ ತಲೆಗೇ ತಾಳಕ್ಕೆ ಸರಿಯಾಗಿ ಬಡಿದುಕೊಂಡ. ಪೋಗ್ಸ್‌ನ ಸ್ಪೈಡರ್ ಸ್ಟೇಸಿ ಬಿಯರ್ ಟ್ರೇಯಲ್ಲಿ ಹಾಗೆ ಮಾಡುತ್ತಿದ್ದರು ಅನ್ನುವುದು ಇಲ್ಲಿ ಯಾರಿಗೆ ಗೊತ್ತು? ಹುಟ್ಟುಹಬ್ಬದ ಗುಂಪು ಹೆದರಿ ಮೊಬೈಲ್ ಎತ್ತಿತು. ಕೆಫೆಯವರು ಟ್ರೇ ಕಸಿದುಕೊಂಡರು. ಮಾತಾಡಿದ ದುಡ್ಡಿನಲ್ಲಿ ಅರ್ಧ ಕೊಟ್ಟು, ಉಳಿದದ್ದಕ್ಕೆ ಸ್ಯಾಂಡ್‌ವಿಚ್ ತಿನ್ನಿಸಿ ಕಳಿಸಿದರು.

ರಾತ್ರಿ ಯಾರೂ ಮಾತಾಡಲಿಲ್ಲ. ಭಟ್ರೊಬ್ಬರೇ, "ಸ್ಯಾಂಡ್‌ವಿಚ್ ಪರವಾಗಿಲ್ಲ" ಅಂದರು.

ಎರಡನೇ ದಿನ: ಸಾಗರದ ಅಡಿಕೆ ಅಂಗಳ

ಬೆಳಿಗ್ಗೆ ಒಂದು ಓಮ್ನಿಯಲ್ಲಿ ಏಳು ಜನ, ಆರು ವಾದ್ಯ, ಎರಡನೇ ಪಿಟೀಲು ನನ್ನ ತೊಡೆ ಮೇಲೆ. ಆನಂದಪುರ ದಾಟುವವರೆಗೂ ಕಾವಳ. ಸಾಗರದಲ್ಲಿ ಇಳಿದು ಒಂದು ಕೆಲಸ ಮುಗಿಸಿದೆವು. ಗುಡಿಗಾರರ ಅಂಗಡಿಯಲ್ಲಿ ತಮಟೆ ಹುಡುಗ ಬೋರಾನ್ ಕೋಲು ಮಾಡಿಸಲು ಹಾಕಿದ್ದ. ಒಂದು ಗೇಣು ಉದ್ದ, ಎರಡೂ ತುದಿ ಗುಂಡಗೆ. ಗಂಧದ ಗಣಪತಿ ಕೆತ್ತುವ ಕೈ ಅದು, ನಡುವೆ ಒಂದು ಸಣ್ಣ ಬಳ್ಳಿಯನ್ನೂ ಕೆತ್ತಿ ಕೊಟ್ಟಿತ್ತು. ಯಾರೂ ಕೇಳಿರಲಿಲ್ಲ.

ಅಕ್ಕನ ಮನೆ ಆವಿನಹಳ್ಳಿ ದಾರಿಯಲ್ಲಿ. ಅಂಗಳದ ತುಂಬ ಅಡಿಕೆ. ಈ ತಿಂಗಳಲ್ಲಿ ಅಲ್ಲಿ ಯಾರನ್ನು ಕೇಳಿದರೂ ಅಡಿಕೆಯದ್ದೇ ಮಾತು. ಬೆಳಿಗ್ಗೆ ಕೊನೆಗೌಡ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುತ್ತಾನೆ. ಸಂಜೆಯಿಂದ ಸುಲಿಯುವುದು. ಸುಲಿದದ್ದನ್ನು ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸ, ಹಾಕಿ ಹಂಡೆಯಲ್ಲಿ ಬೇಯಿಸುವುದು. ಬೆಂದದ್ದನ್ನು ಅಟ್ಟದ ಮೇಲೆ ಹರವುವುದು. ಅಡಿಕೆ ಕಾಯುವುದಿಲ್ಲ, ಹಣ್ಣಾದರೆ ಕೆಟ್ಟಿತು. ಭಾವನಿಗೆ ಸುಲಿಯುವ ಮೆಷಿನ್ ಮೇಲೆ ನಂಬಿಕೆ ಇಲ್ಲ. ಸುತ್ತಲ ಮನೆಗಳಿಂದ ಹತ್ತು ಹನ್ನೆರಡು ಹೆಂಗಸರು ಬರುತ್ತಾರೆ. ಸುಲಿದಷ್ಟಕ್ಕೆ ಕೂಲಿ.

ಎರಡನೇ ಪ್ರೋಗ್ರಾಂ ಇದೇ ಅಂತ ನನಗೆ ಆಗ ತಿಳಿಯಿತು. "ಸ್ಟೇಜ್ ಎಲ್ಲಿ?" ಅಂದೆ. ಮಾಣಿ ನಕ್ಕ. ಡಬ್ಲಿನ್‌ನಲ್ಲಿ ಸೆಷನ್ ಅಂತ ನಡೆಯುತ್ತದಂತೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಪಬ್ಬಿನ ಒಂದು ಮೂಲೆಯಲ್ಲಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಒಂದು ಧಾಟಿ ಎತ್ತುತ್ತಾನೆ, ಗೊತ್ತಿದ್ದವರು ಸೇರಿಕೊಳ್ಳುತ್ತಾರೆ. ಗೊತ್ತಿಲ್ಲದವರು ಗ್ಲಾಸ್ ಹಿಡಿದು ಕೂರುತ್ತಾರೆ. ಡಬ್ಲಿನರ್ಸ್ 1962ರಲ್ಲಿ ಕೂಡಿದ್ದು ಅಂಥದ್ದೇ ಒಂದು ಪಬ್ಬಿನಲ್ಲಿ, ಓ'ಡೊನಹ್ಯೂಸ್ ಅಂತ. "ನಮಗೆ ಪಬ್ಬಿಲ್ಲ, ಅಂಗಳ ಇದೆ" ಅಂದ.

ಕತ್ತಲಾಯಿತು. ಬಲ್ಬಿನ ಕೆಳಗೆ ಎಲ್ಲರೂ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತರು. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಹಿಡಿಯಬೇಕು, ಕತ್ತಿ ಎದುರಿಗೆ ನಿಂತಿರುತ್ತದೆ. ಕಾಯಿ ಒತ್ತಿ ಒಂದು ತಿರುವು, ಸಿಪ್ಪೆ ಒಂದು ಕಡೆ, ಬಿಳಿ ಅಡಿಕೆ ಬುಟ್ಟಿಗೆ. ಟಕ್, ಸರ್, ಟಕ್. ಬ್ಯಾಂಡಿನವರು ಸಿಪ್ಪೆ ರಾಶಿಯ ಪಕ್ಕ ಗೋಣಿ ಹಾಸಿಕೊಂಡರು.

ಮೊದಲೇ ಒಂದು ತೊಂದರೆ. ಇಬ್ಬನಿಗೆ ತಮಟೆಯ ಚರ್ಮ ಸಡಿಲಾಗಿ ಬೊಕ್ ಬೊಕ್ ಅನ್ನತೊಡಗಿತು. ಹುಡುಗ ಎದ್ದು ಅಡಿಕೆ ಬೇಯಿಸುವ ಒಲೆಯ ಬಾಯಿಗೆ ತಮಟೆ ಹಿಡಿದ. ಹಂಡೆಯಲ್ಲಿ ಕೆಂಪಗೆ ಚೊಗರು ಕುದಿಯುತ್ತಿತ್ತು. ಅವನು ತಮಟೆಯನ್ನು ರೊಟ್ಟಿ ಸುಡುವ ಹಾಗೆ ನಿಧಾನ ತಿರುಗಿಸುತ್ತ, ಬೆರಳಲ್ಲಿ ತಟ್ಟುತ್ತ, ಕಿವಿ ಹತ್ತಿರ ತಂದು ಕೇಳುತ್ತ ನಿಂತ. ಬೊಕ್ ಅನ್ನುತ್ತಿದ್ದದ್ದು ಟಂಗ್ ಅನ್ನುವವರೆಗೂ. "ಐರ್ಲೆಂಡಿನಲ್ಲಿ ಇದರ ಉಲ್ಟಾ" ಅಂದ ಮಾಣಿ. ಪಬ್ಬಿನ ಬೆಚ್ಚನೆಗೆ ಚರ್ಮ ಬಿಗಿಯಾಗಿ ಬಿಡುತ್ತದೆ, ನೀರು ಸವರಿ ಸಡಿಲ ಮಾಡಿಕೊಳ್ಳಬೇಕಂತೆ.

ಪಿಟೀಲು ಹುಡುಗಿ ಒಂದು ಜಿಗ್ ಎತ್ತಿದಳು. ಅರ್ಧ ನಿಮಿಷ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಆಮೇಲೆ ಮತ್ತೆ ಸುಲಿಯತೊಡಗಿದರು. ಯಾರಿಗೂ ಚಪ್ಪಾಳೆ ತಟ್ಟುವ ಪುರುಸೊತ್ತಿಲ್ಲ. ಎದುರು ಕೂತು ನೋಡುವವರಿಲ್ಲದೆ ಬ್ಯಾಂಡಿನವರ ಹೆಗಲು ಇಳಿಯಿತು. ಕೆಫೆಯಲ್ಲಿ ಓಡುತ್ತಿದ್ದ ಅದೇ ಧಾಟಿ ಇಲ್ಲಿ ನಡೆಯತೊಡಗಿತು. ಮೂರನೇ ಸುತ್ತಿಗೆ ಕತ್ತಿಗಳ ಸದ್ದು ತಕಿಟಕ್ಕೆ ಬಂದಿತ್ತೋ, ಅಥವಾ ತಮಟೆ ಹುಡುಗನೇ ಕತ್ತಿಗಳಿಗೆ ಹೊಂದಿಕೊಂಡನೋ, ಹೇಳುವುದು ಕಷ್ಟ.

"ವಿಸ್ಕಿ ಇನ್ ದಿ ಜಾರ್" ಶುರು ಮಾಡುವಾಗ ಭಟ್ರು ಅಡ್ಡ ಬಂದರು. ಅದು ದಾರಿಗಳ್ಳನೊಬ್ಬನ ಹಳೇ ಹಾಡು. ಡಬ್ಲಿನರ್ಸ್ ಹಾಡಿದ್ದಾರೆ, 1972ರಲ್ಲಿ ಥಿನ್ ಲಿಜ್ಜಿ ರಾಕ್ ಮಾಡಿದರು, 1998ರಲ್ಲಿ ಮೆಟಾಲಿಕಾ ಗುಡುಗಿಸಿದರು. "ಅವರೆಲ್ಲ ಏನು ಬೇಕಾದ್ರೂ ಕುಡೀಲಿ. ದೇವರ ಮನೆ ಎದುರಿಗೇ ಇದೆ" ಅಂದರು ಭಟ್ರು. ಕೊನೆಗೆ ಜಾರ್ ಉಳಿಯಿತು, ವಿಸ್ಕಿ ಹೋಗಿ ಕಷಾಯ ಬಂತು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಿಜಕ್ಕೂ ಅಕ್ಕ ಆಗಲೇ ಕಷಾಯ ತಂದಿಟ್ಟಿದ್ದಳು.

ಗಿಟಾರ್ ಹುಡುಗನಿಗೆ ಹುರುಪು ಹತ್ತಿತು. ಒಳಗಿನಿಂದ ಒಂದು ಸ್ಟೀಲ್ ಹರಿವಾಣ ತಂದು ತಲೆಗೆ ಬಡಿದುಕೊಳ್ಳತೊಡಗಿದ. ಭಾವನ ಅಮ್ಮ, ನಾವೆಲ್ಲ ಅಜ್ಜಿ ಅನ್ನುವವರು, ಜಗಲಿಯಿಂದಲೇ ಕೂಗಿದರು: "ಉಣ್ಣ ಹರಿವಾಣ ಅದು! ತಲೆಗೆ ಹೊಡ್ಕಳಕ್ಕಲ್ಲ!" ಅಷ್ಟರಲ್ಲಿ ನಡುವೆ ಒಂದು ನೆಗ್ಗು ಬಿದ್ದಾಗಿತ್ತು.

ರಾತ್ರಿ ಹತ್ತರ ಮೇಲೆ ಮಾಣಿ ಒಂದು ಹಾಡು ಹೇಳಿದ. ಊರು ಬಿಟ್ಟು ಹಡಗು ಹತ್ತುವವರ ಹಾಡು. ನಿನ್ನೆಯ ಮೂಗಿನ ಉಚ್ಚಾರ ಇರಲಿಲ್ಲ. ತಾನೇ ಕನ್ನಡ ಮಾಡಿಕೊಂಡಿದ್ದ, ಮನೆಮಾತು ಬೆರೆಸಿ. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ನಿಂತಿತ್ತು. ಭಾವ ತಲೆ ಎತ್ತದೆ ಸುಲಿಯುತ್ತಲೇ ಕೇಳಿದರು:

"ಎಂತಕ್ಕೆ ಊರು ಬಿಟ್ಟಿದ್ದು ಅವು?"

"ಆಲೂಗಡ್ಡೆ ಕೊಳೆತು ಹೋತು ಅಪ್ಪ. 1845ರಿಂದ ಐದಾರು ವರ್ಷ. ಬಡವರಿಗೆ ಊಟಕ್ಕೆ ಅದು ಬಿಟ್ರೆ ಬೇರೆ ಇರಲ್ಲೆ. ಹತ್ತು ಲಕ್ಷ ಜನ ಸತ್ತ. ಅಷ್ಟೇ ಜನ ಹಡಗು ಹತ್ತಿದ."

"ಕೊಳೆತಿದ್ದು ಎಂತಾ ರೋಗಕ್ಕೆ?"

"ಫೈಟಾಪ್ತೊರಾ ಅಂತ."

ಭಾವನ ಕೈ ನಿಂತಿತು. ಆ ರಾತ್ರಿ ಅವರು ಕತ್ತಿಯಿಂದ ಕೈ ತೆಗೆದದ್ದು ಅದೊಂದೇ ಸಲ. "ನಮ್ಮ ಕೊಳೆನೂ ಅದೇ ಅಲ್ದನಾ!"

ಅದೇ. ಆಲೂಗಡ್ಡೆಗೆ ಬಂದದ್ದು ಒಂದು ಫೈಟಾಪ್ತೊರಾ, ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆ ಅದರದ್ದೇ ಕುಲದ ಇನ್ನೊಂದು. ಸತತ ಮಳೆ ಹಿಡಿದು ಬಿಸಿಲು ಕಾಣದಿದ್ದರೆ ಎರಡೂ ಹಬ್ಬುತ್ತವೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ಕೋಲ್ಮನ್ ಎಂಬ ಕೆನಡಾದವರು 1910ರ ಹೊತ್ತಿಗೆ ಅಡಿಕೆ ಕೊಳೆಯ ಮೂಲ ಇದು ಅಂತ ಬರೆದು, ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದರು. ಮೈ ನೀಲಿ ಮಾಡಿಕೊಂಡು ಮೈಲುತುತ್ತ, ಸುಣ್ಣ ಕಲಸಿದ ನೆನಪು ನನಗೂ ಇದೆ.

"ಅವಕ್ಕೆ ಮೈಲುತುತ್ತ ಗೊತ್ತಿರಲ್ಯಾ?" ಭಾವ ಕೇಳಿದರು.

"ಬೋರ್ಡೋ ಬಂದಿದ್ದು ಅದಾಗಿ ನಲವತ್ತು ವರ್ಷಕ್ಕೆ, ಫ್ರಾನ್ಸಲ್ಲಿ. ಅದೂ ದ್ರಾಕ್ಷಿಗೆ."

ಭಾವ ಸ್ವಲ್ಪ ಹೊತ್ತು ಒಲೆ ಕಡೆ ನೋಡಿದರು. ಈಗ ಕೊಳೆ ಜೊತೆಗೆ ಎಲೆಚುಕ್ಕಿ ರೋಗವೂ ಸೇರಿ ಪಕ್ಕದ ಎರಡು ತೋಟ ಬೋಳಾಗಿವೆ. ಅದರಲ್ಲಿ ಒಂದು ಮನೆಯ ಬಾಗಿಲಿಗೆ ಬೀಗ. ಆಮೇಲೆ ಇನ್ನೊಂದು ಕಾಯಿ ಕೈಗೆ ತಗೊಂಡು, "ಇನ್ನೊಂದ್ಸಲ ಹೇಳು. ಸಾವಕಾಶ ಹೇಳು" ಅಂದರು.

ಅಪ್ಪ ಮಗನ ಸಂಗೀತದ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು ಅಂತ ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

ಮಲಗುವ ಮುಂಚೆ ಮಾಣಿಗೆ ನೆನಪಾಯಿತು. ಅವತ್ತು ಡಿಸೆಂಬರ್ 25, ಪೋಗ್ಸ್‌ನ ಹಾಡುಗಾರ ಶೇನ್ ಮೆಕ್‌ಗವನ್ ಹುಟ್ಟಿದ ದಿನ. 2023ರ ನವೆಂಬರ್ 30ಕ್ಕೆ ತೀರಿಕೊಂಡರು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಊರು ಬಿಟ್ಟು ಬಂದ ಐರಿಶ್ ತಂದೆತಾಯಿಗೆ. "ಊರಲ್ಲೇ ಇದ್ದಿದ್ರೆ ಅಷ್ಟು ಜೋರಾಗಿ ಹಾಡ್ತಿರ್ಲಿಲ್ಲ ಮಾವ" ಅಂದ. ಇರಬಹುದು.

ಮೂರನೇ ದಿನ: ಹೊಳೆ ಆಚೆ

ಮಧ್ಯಾಹ್ನ ಊಟ ಮುಗಿಸಿ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ ಹೊರಟೆವು. ಹೊಳೆಬಾಗಿಲಲ್ಲಿ ಲಾಂಚಿಗೆ ಕಾದು ಕೂತ ಕಾಲ ಮುಗಿಯಿತು. 2025ರ ಜುಲೈಯಿಂದ ಸೇತುವೆ. ಎರಡು ಚಿಲ್ಲರೆ ಕಿಲೋಮೀಟರ್, ನಡುವೆ ತಂತಿ ಕಟ್ಟಿ ಎಳೆದು ನಿಲ್ಲಿಸಿದ ಕಂಬಗಳು. ಪಿಟೀಲು ಹುಡುಗಿ, "ಇದಕ್ಕೂ ಶ್ರುತಿ ಮಾಡ್ಬೇಕೇನೋ" ಅಂದಳು. ನನಗೆ ಲಾಂಚೇ ಇಷ್ಟ. ಆದರೆ ಹೆರಿಗೆಗೆ ಹೆಣ್ಣುಮಕ್ಕಳನ್ನು ರಾತ್ರಿ ಸಾಗಿಸಬೇಕಾದವರ ಎದುರು ಆ ಮಾತು ಹೇಳುವ ಧೈರ್ಯ ಇಲ್ಲ.

ಸೇತುವೆ ದಾಟಿದ ಮೇಲೆ ತಮಟೆ ಹುಡುಗ ಗಾಡಿ ನಿಲ್ಲಿಸಲು ಹೇಳಿದ. ಇಳಿದು ನೀರು ನೋಡುತ್ತ ನಿಂತ. ಅವನ ಅಜ್ಜ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಆಗುವಾಗ ಮನೆಮಂದಿಯನ್ನು ಲಾರಿಯಲ್ಲಿ ತುಂಬಿ ಶಿವಮೊಗ್ಗದ ಕಾಡಂಚಿಗೆ ತಂದು ಇಳಿಸಿದ್ದರು. ಕರೆಂಟ್ ನಾಡಿಗೆಲ್ಲ ಹೋಯಿತು. ಭೂಮಿಯ ಹಕ್ಕುಪತ್ರಕ್ಕೆ ಆ ಜನ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ.

"ಯಾವ ಕಡೆ ಇತ್ತಪ್ಪ ನಿಮ್ಮೂರು?" ಭಟ್ರು ಕೇಳಿದರು.

"ಅಜ್ಜ ಹೊಳೆ ಆಚೆ ಅಂತಿದ್ರು. ಈಗ ಎರಡೂ ಕಡೆ ಆಚೇನೇ ಕಾಣ್ತದೆ."

ಯಾರೂ ಅದಕ್ಕೆ ಹಾಡು ಎತ್ತಲಿಲ್ಲ. ಎತ್ತಿದ್ದರೆ ನಾನು ಗಾಡಿಯಿಂದ ಇಳಿದು ನಡೆದು ಹೋಗುತ್ತಿದ್ದೆ.

ಮೂರನೇ ಪ್ರೋಗ್ರಾಂ ಮಾಣಿಯ ತಲೆಹರಟೆ. ಐರ್ಲೆಂಡಿನಲ್ಲಿ ಡಿಸೆಂಬರ್ 26ಕ್ಕೆ ರೆನ್ ಹಕ್ಕಿಯ ದಿನ ಅಂತ ಮಾಡುತ್ತಾರೆ. ಗುಬ್ಬಿಗಿಂತ ಚಿಕ್ಕ ಹಕ್ಕಿ ಅದು. ಹಿಂದೆ ಅದನ್ನು ಹೊಡೆದು ಕೋಲಿಗೆ ಕಟ್ಟುತ್ತಿದ್ದರು, ಈಗ ಬೊಂಬೆ ಹಕ್ಕಿ. ಹುಲ್ಲಿನ ವೇಷ ಹಾಕಿಕೊಂಡು, ವಾದ್ಯ ಬಾರಿಸುತ್ತ ಮನೆಮನೆಗೆ ಹೋಗಿ ದುಡ್ಡು ಎತ್ತುತ್ತಾರೆ. ಹಾಗೇ ಇಲ್ಲೂ ಹತ್ತು ಮನೆ ತಿರುಗೋಣ ಅಂತ ಅವನ ಯೋಚನೆ.

ಮೊದಲ ಮನೆಯ ಅಜ್ಜಿಯೇ ತಡೆದರು. "ಇದು ಅಂಟಿಗೆ-ಪಂಟಿಗೆ ಅಲ್ದಾ? ದೀಪಾವಳಿ ಮುಗ್ದು ಎಷ್ಟು ದಿನ ಆತು? ದೀಪ ಎಲ್ಲಿ?"

ಮಾಣಿ ತಬ್ಬಿಬ್ಬಾದ. ತಮಟೆ ಹುಡುಗ ಮುಂದೆ ಬಂದ. ದೀಪಾವಳಿ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ-ಪಂಟಿಗೆ ಅವನ ಮನೆಯವರದ್ದೇ ಹಾಡು. ಅಜ್ಜನಿಂದ ಅವನಿಗೆ ಬಂದ ಆಸ್ತಿ ಅಂದರೆ ಅದೊಂದೇ. "ತಪ್ಪಾತು ಅಜ್ಜಿ, ದೀಪ ನೀವೇ ಕೊಡಿ" ಅಂದ. ಅಜ್ಜಿ ಗೊಣಗುತ್ತಲೇ ಒಳಗೆ ಹೋಗಿ ಹಣತೆ ಹಚ್ಚಿ ತಂದರು. ಗಾಳಿಗೆ ಆರದ ಹಾಗೆ ಬ್ಯಾಂಕಿನ ಅಕ್ಕ ಅದನ್ನು ಬುಲ್‌ಬುಲ್ ತರಂಗದ ಮುಚ್ಚಳದೊಳಗೆ ಇಟ್ಟುಕೊಂಡು ಹೊರಟರು. ಅವತ್ತಿಗೆ ಅವರ ವಾದ್ಯ ಬಂದ್.

ಆಮೇಲೆ ನಡೆದದ್ದಕ್ಕೆ ಏನು ಹೆಸರಿಡಬೇಕೋ ಗೊತ್ತಿಲ್ಲ. ಬಾಗಿಲಲ್ಲಿ ಅವನು ಹಳೇ ಹಾಡು ಎತ್ತುತ್ತಾನೆ. ಒಂದು ಸುತ್ತು ಮುಗಿದ ಕೂಡಲೇ ಪಿಟೀಲು ಒಂದು ರೀಲ್‌ಗೆ ಜಿಗಿಯುತ್ತದೆ. ಮತ್ತೆ ಹಾಡು. ಎಲ್ಲ ಸಲವೂ ಕೂಡಿ ಬರಲಿಲ್ಲ. ನಾಲ್ಕನೇ ಮನೆಯಲ್ಲಿ ತಾಳ ತಪ್ಪಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆರನೇ ಮನೆಯಲ್ಲಿ ನಾಯಿ ಅಟ್ಟಿಸಿಕೊಂಡು ಬಂತು, ಆಗ ಮಾತ್ರ ಅಪ್ಪಟ ಪಂಕ್. ಒಂಬತ್ತು ಮನೆಗೆ ಸಿಕ್ಕಿದ್ದು: 470 ರೂಪಾಯಿ, ಏಳು ತೆಂಗಿನಕಾಯಿ, ಎರಡು ಸೇರು ಅಕ್ಕಿ, ದೀಪಕ್ಕೆ ಎಣ್ಣೆ, ಒಂದು ಬಾಟಲಿ ಅಪ್ಪೆಮಿಡಿ. ಕೆಫೆಯ ಸ್ಯಾಂಡ್‌ವಿಚ್ಚಿಗಿಂತ ವಾಸಿ ಅಂತ ಭಟ್ರ ತೀರ್ಪು.

ವಾಪಸ್ ಬರುವಾಗ ರಾತ್ರಿ ಒಂಬತ್ತೂವರೆ. ಲಾಂಚಿನ ಕಾಲದಲ್ಲಿ ಆ ಹೊತ್ತಿಗೆ ಹೊಳೆ ದಾಟುವ ಮಾತೇ ಇರಲಿಲ್ಲ. ಸೇತುವೆ ಮೇಲೆ ತಮಟೆ ಹುಡುಗ ನಿದ್ದೆ ಹೋಗಿದ್ದ, ಕೈಯಲ್ಲಿ ಗುಡಿಗಾರರ ಕೋಲು.

ನಾಲ್ಕನೇ ದಿನ: ಜೋಗ, ತಾಳಗುಪ್ಪ

ಬ್ಯಾಂಡಿನವರು ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಹೋದರು. ಅಂಗಡಿ, ಬ್ಯಾಂಕು, ಕಾಲೇಜು. ನಾನು ಮಾಣಿಯ ಜೊತೆ ಜೋಗ ನೋಡಿ ಬಂದೆ. ಡಿಸೆಂಬರಿನ ಜೋಗ ಅಂದರೆ ಬಂಡೆ ನೋಡಿ ಬರುವುದು. 830 ಅಡಿಯ ಗೋಡೆ ಮೇಲೆ ರಾಜ ಒಂದು ಬಿಳಿ ದಾರ, ರಾಣಿ ಇನ್ನೊಂದು. ಉಳಿದ ನೀರೆಲ್ಲ ಕಟ್ಟೆಯ ಹಿಂದೆ, ನಿನ್ನೆ ನಾವು ದಾಟಿದ ಕಡೆ.

ರೈಲು ರಾತ್ರಿಗೆ. ಹೊರಡುವ ಮುಂಚೆ ಅಕ್ಕ ತೆಳ್ಳೇವು ದೋಸೆ ಹುಯ್ದಳು. ನಾನು, ಭಾವ, ಮಾಣಿ ಅಡುಗೆಮನೆಯಲ್ಲೇ ಕೂತೆವು. ಬ್ಯಾಂಡಿನ ಹೆಸರಿನ ಮಾತು ಮತ್ತೆ ಬಂತು. ಮಾಣಿ ಹತ್ತು ಹೆಸರು ಹೇಳಿದ, ಎಲ್ಲ ಇಂಗ್ಲಿಷ್. ಭಾವ ಒಂದಕ್ಕೂ ತಲೆ ಆಡಿಸಲಿಲ್ಲ.

"ಆ ಕೊಳೆ ಹಾಡು ಇದ್ದಲ, ಅದು ಮೊಬೈಲಲ್ಲಿ ಹಾಕಿ ಕೊಡು. ನಾಳೆ ಬೇಯಿಸಕಾರೆ ಕೇಳ್ತೆ" ಅಂದರು.

"ಅದು ಕೊಳೆ ಹಾಡಲ್ಲ ಅಪ್ಪ..."

"ಮತ್ತೆಂತದು?"

ಮಾಣಿ ಏನೂ ಹೇಳಲಿಲ್ಲ. ಅಜ್ಜಿ ಕಪಾಟಿನಿಂದ ಹರಿವಾಣ ತೆಗೆದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ನೆಗ್ಗಿದ್ದನ್ನು ಹುಡುಕಿ ಮಾಣಿಯ ಮುಂದೆ ಇಟ್ಟರು. ಇನ್ನು ಮೇಲೆ ಅದು ಅವನದ್ದೇ ಅಂತೆ. ಅಕ್ಕ ತೆಳ್ಳೇವು ಹಾಕಿ ಜೋನಿಬೆಲ್ಲ ಬಿಟ್ಟಳು. ಬೆಲ್ಲ ನಿಧಾನಕ್ಕೆ ಹರಿದು ಬಂದು ನೆಗ್ಗಿನಲ್ಲಿ ನಿಂತಿತು.